ಬಾಗಿಲು ಕೂರಿಸುತ್ತಿದ್ದ ಜಾಗ

ಇಲ್ಲಿಗೆ ಹೊಸದಾಗಿ ಇಂಜಿನಿಯರ್ ಕೆಲಸಕ್ಕೆ ಬರುವ ನಮ್ಮ ಹುಡುಗ ಹುಡುಗಿಯರು ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್ ಬಡಾವಣೆಯ ಬಾಡಿಗೆ ಮನೆಗಳಲ್ಲಿ ನಾಲ್ಕೈದು ಜನ ಸೇರಿಕೊಂಡು ಇರುತ್ತಾರೆ. ಭಾನುವಾರ ನಮ್ಮ ಮನೆಗೆ ನೀರುದೋಸೆ ತಿನ್ನಲು ಬಂದಾಗ ಅವರು ಕೇಳುವ ಮೊದಲ ಪ್ರಶ್ನೆ, "ಅಂಕಲ್, ಈ ಲೈನ್‌ನಲ್ಲಿ ಗ್ರೋಥ್ ಇದೆಯಾ?" ನನಗೆ ಸಿಕ್ಕಿದ ಬಡ್ತಿಗಳ ಕಥೆ ಹೇಳಿದರೆ ಎರಡನೆಯ ದೋಸೆ ತಟ್ಟೆಗೆ ಬೀಳುವುದರೊಳಗೆ ಮುಗಿದುಹೋಗುತ್ತದೆ. ಆದ್ದರಿಂದ ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನೇ ಬರೆಯುತ್ತೇನೆ. ಓದಿ ಬೇಸರವಾದರೆ ನನ್ನನ್ನು ಬೈಯಬೇಡಿ, ಕೇಳಿದ್ದು ನೀವೇ.

ನಾನು ಉಡುಪಿ ಕಡೆಯವನು. ಬೆಂಗಳೂರಿನ ಒಂದು ಯಂತ್ರೋಪಕರಣ ಕಾರ್ಖಾನೆಯಲ್ಲಿ ಕೆಲಸ ಕಲಿತು, ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಹೆಂಡತಿ ಸುಮಿತ್ರಾ ಮತ್ತು ಮಗಳ ಜೊತೆ ಬರ್ಮಿಂಗ್‌ಹ್ಯಾಮಿಗೆ ಬಂದೆ. ಕೆಲಸ ಸಿಕ್ಕಿದ್ದು ಕಾರು ತಯಾರಿಸುವ ಕಂಪನಿಯಲ್ಲಿ. ಹೆಸರು ಬರೆಯುವುದಿಲ್ಲ, ಸತ್ತವರ ಹೆಸರು ಹಿಡಿದು ಎಳೆದಾಡುವುದು ನನಗೆ ಸೇರದು. ಒಂದು ಕಾಲಕ್ಕೆ ಈ ದೇಶದ ಮೇಷ್ಟ್ರು, ನರ್ಸು, ಅಂಚೆಯವನು ಎಲ್ಲರೂ ಕೊಳ್ಳುತ್ತಿದ್ದದ್ದು ಅಂಥ ಕಾರುಗಳನ್ನೇ. ನಾನು ಸೇರುವ ಹೊತ್ತಿಗೆ ಜನ ಪರದೇಶದ ಕಾರು ಕೊಂಡು, ನಮ್ಮದನ್ನು ಬರೀ ಹೊಗಳುತ್ತಿದ್ದರು.

ನನ್ನ ಹೆಸರು ಪದ್ಮನಾಭ. ಮೊದಲನೆಯ ದಿನ ಆಫೀಸಿನ ಹುಡುಗಿ ಅದನ್ನು ಉಚ್ಚರಿಸಲು ಹೋಗಿ ಸೋತು, ರೋಟಾದಲ್ಲಿ, ಅಂದರೆ ಪಾಳಿಯ ಪಟ್ಟಿಯಲ್ಲಿ, 'ಪ್ಯಾಡಿ' ಎಂದು ಬರೆದುಬಿಟ್ಟಳು. ಅದು ಐರಿಷ್ ಜನರ ಹೆಸರು. ನನ್ನನ್ನು ಕರೆದೊಯ್ಯಲು ಬಂದ ಸೆಕ್ಷನ್ ಲೀಡರ್, ಬಾಗಿಲಲ್ಲಿ ನಿಂತು ಯಾರೋ ಕೆಂಪು ಕೂದಲಿನ ಐರಿಷ್‌ನವನಿಗಾಗಿ ಕಾದ. ನಾನೂ ಅವನ ಪಕ್ಕದಲ್ಲೇ ನಿಂತು ಕಾದೆ. ಕೊನೆಗೆ ಅವನು, "ನೀನೂ ಪ್ಯಾಡಿಯನ್ನೇ ಕಾಯ್ತಿದ್ದೀಯಾ?" ಎಂದು ಕೇಳಿದ. "ಇಲ್ಲ, ನಾನೇ ಪ್ಯಾಡಿ" ಎಂದೆ. ಅವನು ನಕ್ಕದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅವನೇ ಟೆರಿ.

ಟೆರಿ ನನಗಿಂತ ಎಂಟು ಹತ್ತು ವರ್ಷ ದೊಡ್ಡವನು. ಶಾಲೆ ಬಿಟ್ಟ ಮರುವಾರವೇ ಆ ಗೇಟಿನೊಳಗೆ ಬಂದವನು. ಅವನ ಅಪ್ಪನೂ ಅಲ್ಲೇ ದುಡಿದು ಅಲ್ಲಿಂದಲೇ ನಿವೃತ್ತನಾದವನು. ಹೆಂಡತಿ ಮೊರೀನ್ ನಮ್ಮ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದಳು. ಅವಳಿಗೆ ಎಲ್ಲರೂ 'ಬ್ಯಾಬ್', ಅಂದರೆ ಮಗು. ನನ್ನ ಬೋಳುತಲೆಯನ್ನು ನೋಡಿಯೂ ಹಾಗೇ ಕರೆಯುತ್ತಿದ್ದಳು. ಅವರ ಮಾತನ್ನೆಲ್ಲ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ, ಈ ಊರಿನ ಮಾತಿನ ಎಳೆತವನ್ನು ನೀವೇ ಸೇರಿಸಿಕೊಳ್ಳಿ.

ಟೆರಿಯ ತಂಡದ ಕೆಲಸ ಕಾರಿಗೆ ಬಾಗಿಲು ಕೂರಿಸುವುದು. ಟ್ರ್ಯಾಕ್ ಮೇಲೆ, ಅಂದರೆ ಸಾಲಾಗಿ ತೆವಳುವ ಸಾಗಣೆಯ ಮೇಲೆ, ಬಣ್ಣ ಕಾಣದ ಬರೀ ತಗಡಿನ ಬಾಡಿಗಳು ಬರುತ್ತಿದ್ದವು. ಜಿಗ್ ಎಂಬ ಕಬ್ಬಿಣದ ಚೌಕಟ್ಟು ಬಾಗಿಲನ್ನು ಸರಿಯಾದ ಜಾಗದಲ್ಲಿ ಹಿಡಿದುಕೊಂಡಿದ್ದಾಗ ಇವರು ಕೀಲಿನ ಬೋಲ್ಟು ಬಿಗಿಯುತ್ತಿದ್ದರು. ಬಾಗಿಲಿಗೂ ಬಾಡಿಗೂ ನಡುವಿನ ಸಂದು ಎಲ್ಲ ಕಡೆ ಒಂದೇ ಸಮ ಇರಬೇಕು. ಇಲ್ಲದಿದ್ದರೆ ಮಳೆನೀರು ಒಳಗೆ ಬರುತ್ತದೆ, ವೇಗದಲ್ಲಿ ಹೋಗುವಾಗ ಗಾಳಿ ಸಿಳ್ಳೆ ಹಾಕುತ್ತದೆ. ಸಂದು ಹೆಚ್ಚುಕಡಿಮೆಯಾದರೆ ಒಂದು ಮರದ ತುಂಡನ್ನು ಸಿಕ್ಕಿಸಿ, ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಸರಿ ಮಾಡುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಇದನ್ನೆಲ್ಲ ಅಳೆದು, ತಪ್ಪು ಯಾಕಾಗುತ್ತಿದೆ ಎಂದು ಕಂಡುಹಿಡಿಯುವ ಕ್ವಾಲಿಟಿ ಇಂಜಿನಿಯರ್ ನಾನು.

ಆ ವರ್ಷದ ಆಯುಧ ಪೂಜೆಯ ದಿನ ನಾನು ಮಾಡಿದ ಘನಕಾರ್ಯವನ್ನು ಹೇಳಲೇಬೇಕು. ಬೆಂಗಳೂರಿನಲ್ಲಿ ಆ ದಿನ ಮಿಷನ್ನುಗಳಿಗೆಲ್ಲ ಚೆಂಡುಹೂವು ಕಟ್ಟಿ, ಬೂದುಗುಂಬಳ ಒಡೆದು, ಮಂಡಕ್ಕಿ ಹಂಚಿ ಮನೆಗೆ ಹೋಗುತ್ತಿದ್ದವರು ನಾವು. ಇಲ್ಲಿ ಅದು ಯಾವುದೂ ಇಲ್ಲ. ನಮ್ಮ ದೇಶದವರ ಅಂಗಡಿಗಳಿರುವ ಲೆಸ್ಟರ್‌ನಿಂದ ತಂದ ಕುಂಕುಮವನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ, ಯಾರೂ ನೋಡದಾಗ ಟೆರಿಯ ಜಿಗ್‌ಗೆ ಒಂದು ಬೊಟ್ಟು ಇಟ್ಟೆ. ಅಷ್ಟಕ್ಕೇ ಬಿಡಬೇಕಿತ್ತು. ಭಕ್ತಿ ಉಕ್ಕಿ, ಎದುರಿಗೆ ಬಂದ ಬಾಡಿಯ ಬಾನೆಟ್ ಮೇಲೂ ಚಂದಕ್ಕೆ ಒಂದು ಇಟ್ಟು ಕೈಮುಗಿದೆ.

ನಮ್ಮ ವಿಭಾಗದಲ್ಲಿ ತಗಡಿನ ಮೇಲೆ ಕೆಂಪು ಗುರುತು ಎಂದರೆ ದೋಷ ಎಂದರ್ಥ. ತಪಾಸಣೆಯವರು ಕೆಂಪು ಮೇಣದ ಪೆನ್ಸಿಲಿನಿಂದ ಗುರುತು ಮಾಡಿದ ಬಾಡಿಯನ್ನು ಪಕ್ಕಕ್ಕೆ ಎಳೆದು ರಿಪೇರಿಗೆ ಹಾಕುತ್ತಾರೆ. ಅದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಆ ಹೊತ್ತಿಗೆ ಹೊಳೆಯಲಿಲ್ಲ ಅಷ್ಟೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ರಿಪೇರಿಯವರು ಬಾನೆಟ್ಟಿಗೆ ದೀಪ ಹಿಡಿದು, ಅಂಗೈ ಸವರಿ, ಇಲ್ಲದ ತಗ್ಗನ್ನು ಹುಡುಕುತ್ತಿದ್ದಾರೆ. ಟೆರಿ ನನ್ನ ಹತ್ತಿರ ಬಂದ.

"ಪ್ಯಾಡಿ, ಆ ಬಾನೆಟ್‌ನಲ್ಲಿ ನಿಂಗೇನು ಕಾಣ್ತು? ನಮಗ್ಯಾರಿಗೂ ಏನೂ ಕಾಣ್ತಿಲ್ಲ."

"ಏನೂ ಇಲ್ಲ. ಚೆನ್ನಾಗಿದೆ."

"ಚೆನ್ನಾಗಿದ್ರೆ ಕೆಂಪು ಯಾಕೆ ಹಚ್ಚಿದೆ?"

"ಚೆನ್ನಾಗಿರಲಿ ಅಂತಲೇ ಹಚ್ಚಿದ್ದು."

ಅವನು ನನ್ನ ಮುಖವನ್ನೇ ನೋಡಿದ. ವಿವರಿಸಿದೆ. ನಮ್ಮಲ್ಲಿ ದುಡಿಯುವ ಉಪಕರಣಗಳಿಗೆ ವರ್ಷಕ್ಕೊಂದು ದಿನ ಪೂಜೆ, ಬರುವ ವರ್ಷವೂ ಇದು ಕೈಕೊಡದೆ ದುಡಿಯಲಿ ಎಂದು ಕುಂಕುಮ ಇಡುತ್ತೇವೆ ಎಂದೆ. ಟೆರಿ ಕಿವಿಯ ಹಿಂದೆ ಕೆರೆದುಕೊಂಡು ಸ್ವಲ್ಪ ಯೋಚಿಸಿ, "ಹಾಗಾದ್ರೆ ಜಿಗ್‌ಗೆ ಹಚ್ಚು, ಕಾರಿಗೆ ಬೇಡ" ಎಂದ. ಅಂದಿನಿಂದ ಪ್ರತಿ ವರ್ಷ ಅಕ್ಟೋಬರ್ ಬಂದರೆ ಸಾಕು, "ನಿನ್ನ ಕೆಂಪು ಯಾವತ್ತು?" ಎಂದು ಅವನೇ ಕೇಳಿ, ಆ ದಿನ ಜಿಗ್ಗನ್ನು ಒರೆಸಿ ಇಟ್ಟಿರುತ್ತಿದ್ದ.

ಇನ್ನೊಂದು ಪ್ರಸಂಗ. ಲೀಡ್ಸ್‌ನಿಂದ ಒಬ್ಬ ಮುದುಕಿಯ ದೂರು ಬಂತು, ಕಾರಿನಲ್ಲಿ ಸಿಳ್ಳೆ ಕೇಳುತ್ತದೆಂದು. ನಾನೂ ಟೆರಿಯೂ ಹೋದೆವು. ಅಜ್ಜಿ ಮೋಟಾರ್‌ವೇ ಮೇಲೆ ನಮ್ಮನ್ನು ಕೂರಿಸಿಕೊಂಡು ಓಡಿಸಿದ ಓಟಕ್ಕೆ ನನ್ನ ಜೀವ ಬಾಯಿಗೆ ಬಂದಿತ್ತು. ಟೆರಿ ಹಿಂದಿನ ಸೀಟಿನಲ್ಲಿ ಬಾಗಿಲಿಗೆ ಕಿವಿ ಕೊಟ್ಟು ಮಲಗಿದ್ದ. ಕಾರು ನಿಲ್ಲಿಸಿ ಬಾಗಿಲಂಚಿನ ರಬ್ಬರ್ ಪಟ್ಟಿಯನ್ನು ಬಿಡಿಸಿದರೆ ಅದರ ಕೆಳಗೆ ಮಡಚಿದ ರಟ್ಟಿನ ಚೂರು. "ಅದು ನಮ್ಮ ಯಜಮಾನರು ಇಟ್ಟಿದ್ದು" ಎಂದಳು ಅಜ್ಜಿ. "ಬಾಗಿಲು ಅಲುಗಾಡುತ್ತೆ ಅಂತ. ಈಗ ಅವರಿಲ್ಲ." ಆಮೇಲೆ, "ತೆಗೆದ್ರೆ ಸಿಳ್ಳೆ ನಿಲ್ಲುತ್ತಾ?" ಎಂದು ಕೇಳಿದಳು. ನಿಲ್ಲುತ್ತದೆ ಎಂದೆ. "ಹಾಗಾದ್ರೆ ಇರಲಿ ಬಿಡಿ" ಎಂದಳು. ಟೆರಿ ಆ ರಟ್ಟನ್ನು ಎಲ್ಲಿತ್ತೋ ಅಲ್ಲೇ ಇಟ್ಟು ಪಟ್ಟಿ ಕೂರಿಸಿದ. ಇಬ್ಬರು ಇಡೀ ದಿನ ಲೀಡ್ಸ್‌ಗೆ ಹೋಗಿ ಏನೂ ಮಾಡದೆ ಬಂದಿರಾ ಎಂದು ಮ್ಯಾನೇಜರ್ ನಮಗೆ ಮಂಗಳಾರತಿ ಮಾಡಿದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ.

ಮಧ್ಯೆ ಒಡೆಯರು ಬದಲಾದರು, ಹೊಸ ಯಂತ್ರಗಳು ಬಂದವು. ಬಾಗಿಲಿನ ಸಂದನ್ನು ಬೆಳಕಿನ ಕಿರಣದಿಂದ ಅಳೆಯುವ ಒಂದು ಕಮಾನು ನಮ್ಮ ವಿಭಾಗಕ್ಕೂ ಬಂತು. ಇಂಥ ಕಡೆ ಹಳೆಯ ಕೆಲಸಗಾರನ ಕೈಯೇ ಯಂತ್ರಕ್ಕಿಂತ ಮೇಲು ಎಂದು ಬರೆಯುವುದು ವಾಡಿಕೆ. ಸುಳ್ಳು ಹೇಳಲಾರೆ, ಯಂತ್ರವೇ ಮೇಲಿತ್ತು. ಟೆರಿ ಸರಿ ಎಂದು ಬಿಟ್ಟ ಬಾಗಿಲುಗಳಲ್ಲಿ ಕೆಲವನ್ನು ಅದು ತಪ್ಪು ಎಂದು ತೋರಿಸಿತು, ಬಿಚ್ಚಿ ನೋಡಿದರೆ ತಪ್ಪೇ ಇರುತ್ತಿತ್ತು. ಅವನು ಜಗಳವಾಡಲಿಲ್ಲ. ಟೀ ಕುಡಿಯುವಾಗ, "ನನಗಿಂತ ಚೆನ್ನಾಗಿ ನೋಡುತ್ತೆ ಅದು" ಎಂದನಷ್ಟೆ. ಮರದ ತುಂಡನ್ನು ಮಾತ್ರ ಎಸೆಯಲಿಲ್ಲ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಅಂದೇ.

ಆ ಒಡೆಯರೂ ಒಂದು ದಿನ ಸಾಕಪ್ಪಾ ಎಂದು ಹೊರಟರು. ಬೇರೆಯವರು ಬಂದರು. ಹೊಸ ಮಾದರಿ ಬರುತ್ತದೆ ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು, ಬರಲಿಲ್ಲ. ಹಳೆಯ ಕಾರಿಗೇ ಹೊಸ ದೀಪ, ಹೊಸ ಹೆಸರು. ಕೊನೆಯ ಅಕ್ಟೋಬರಿನಲ್ಲಿ ಟೆರಿ ಜಿಗ್ಗನ್ನು ಒರೆಸುತ್ತಾ, "ಈ ವರ್ಷ ಸ್ವಲ್ಪ ಜಾಸ್ತಿ ಹಚ್ಚು, ಪ್ಯಾಡಿ" ಎಂದ. ನಾನು ಧಾರಾಳವಾಗಿ ಹಚ್ಚಿದೆ.

ಮುಂದಿನ ವಸಂತದಲ್ಲಿ ಕಾರ್ಖಾನೆ ನಿಂತಿತು. ಒಂದು ಬೆಳಿಗ್ಗೆ ಬಿಡಿಭಾಗಗಳ ಲಾರಿಗಳು ಬರಲಿಲ್ಲ. ಮಧ್ಯಾಹ್ನಕ್ಕೆ ಟ್ರ್ಯಾಕ್ ನಿಂತಿತು. ಅದು ನಿಂತಾಗ ಆಗುವ ನಿಶ್ಶಬ್ದ ಹೇಗಿರುತ್ತದೆ ಎಂಬುದು ಅಂದು ಗೊತ್ತಾಯಿತು. ಒಂದು ಪಕ್ಕಕ್ಕೆ ಬಾಗಿಲಿದ್ದು ಇನ್ನೊಂದು ಪಕ್ಕ ಬೋಳಾಗಿದ್ದ ಬಾಡಿಗಳು ಸಾಲಾಗಿ ನಿಂತಿದ್ದವು. ಮನೆಗೆ ಹೋಗಿ, ಹೇಳಿ ಕಳಿಸುತ್ತೇವೆ ಎಂದರು. ಕೆಲವು ದಿನಗಳ ನಂತರ ಹೇಳಿದರು, ಬರಬೇಡಿ ಎಂದು. ಗೇಟಿನ ಹೊರಗೆ ಗಂಡಸರು ಕೋಟಿನ ಜೇಬಿಗೆ ಕೈ ಹಾಕಿಕೊಂಡು ಅಳುತ್ತಿದ್ದರು. ನಾನೂ ಅತ್ತೆ.

ಯಂತ್ರಗಳನ್ನು ನೋಡಿಕೊಳ್ಳಲು ಒಂದು ಸಣ್ಣ ತಂಡವನ್ನು ಉಳಿಸಿಕೊಂಡರು, ಅದರಲ್ಲಿ ನಾನಿದ್ದೆ. ಬೇಸಿಗೆ ಕಳೆಯುವ ಹೊತ್ತಿಗೆ 'ನೋಡಿಕೊಳ್ಳುವುದು' ಎಂದರೆ ಬಿಚ್ಚಿ ಪೆಟ್ಟಿಗೆಗೆ ತುಂಬುವುದು ಎಂದಾಯಿತು. ದೂರದೇಶದವರು ಯಂತ್ರಗಳನ್ನು ಕೊಂಡಿದ್ದರು. ಒಳಗಿನ ವಿಷಯ ಹೊರಗೆ ಆಡಕೂಡದು ಎಂದು ನಮ್ಮಿಂದ ಮಾತು ತೆಗೆದುಕೊಂಡಿದ್ದರು. ಹೊರಗೆ ಪತ್ರಿಕೆಗಳು ಒಂದು ದಿನ ಕಾರ್ಖಾನೆ ತೆರೆಯುತ್ತದೆ ಎಂದೂ ಮತ್ತೊಂದು ದಿನ ಇಲ್ಲವೆಂದೂ ಬರೆಯುತ್ತಿದ್ದವು. ಟೆರಿ ತೆರೆಯುತ್ತದೆ ಎಂದು ಬರೆದದ್ದನ್ನು ಮಾತ್ರ ಓದುತ್ತಿದ್ದ.

ಅವನಿಗೆ ಬೇರೆ ಕೆಲಸ ಸಿಗದೆ ಇರಲಿಲ್ಲ. ಬಸ್ ಗ್ಯಾರೇಜಿನಲ್ಲಿ ಬಾಗಿಲು, ಕಿಟಕಿ ರಿಪೇರಿ ಮಾಡುವ ಕೆಲಸವೊಂದು ಬಂದಿತ್ತು. ಅವನ ವಯಸ್ಸಿಗೆ ಇನ್ನೊಂದು ಬರುವ ಹಾಗಿರಲಿಲ್ಲ. ಟೆರಿ ಹೂಂ ಎನ್ನದೆ ಊಹೂಂ ಎನ್ನದೆ ದಿನ ತಳ್ಳುತ್ತಿದ್ದ. ಅಲ್ಲಿಗೆ ಸೇರಿಕೊಂಡ ಮೇಲೆ ನಮ್ಮ ಗೇಟು ತೆರೆದರೆ ಏನು ಮಾಡುವುದು ಎಂಬುದು ಅವನ ಚಿಂತೆ.

ಆಯುಧ ಪೂಜೆ ಬಂತು. ಅಂದು ಟೆರಿಯ ಜಿಗ್ಗನ್ನು ಪೆಟ್ಟಿಗೆಗೆ ಇಳಿಸುವ ದಿನವಾಗಿತ್ತು. ಎಷ್ಟು ವರ್ಷ ದುಡಿದ ಕಬ್ಬಿಣ ಅದು. ಗಂಡನ ಮನೆಗೆ ಹೊರಟ ಹೆಣ್ಣಿಗೆ ಇಡುವ ಹಾಗೆ ಒಂದು ಬೊಟ್ಟು ಇಟ್ಟು ಕಳಿಸಿದೆ. ಆ ಸಂಜೆ ಟೆರಿಯ ಮನೆಗೆ ಹೋಗಿದ್ದಾಗ ಅವನು ಎಂದಿನಂತೆ, "ನಿನ್ನ ಕೆಂಪು ಈ ವಾರ ಅಲ್ವಾ?" ಎಂದ. "ಇವತ್ತೇ. ನಿನ್ನ ಜಿಗ್‌ಗೆ ಹಚ್ಚಿ ಬಂದೆ" ಎಂದೆ. ಅವನಿಗೆ ಸಮಾಧಾನವಾಗಲಿ ಎಂದು ಹೇಳಿದ ಮಾತು ಅದು. ಅವನ ಮುಖ ಅರಳಿತು. ನಾನು ಅದನ್ನು ಪ್ರೀತಿ ಎಂದುಕೊಂಡೆ.

ಕೆಲವು ದಿನ ಕಳೆದ ಮೇಲೆ ಮೊರೀನ್ ನಮ್ಮ ಮನೆಗೆ ಬಂದಳು. ಸುಮಿತ್ರಾ ಜಿಪಿ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನ್ ಕೆಲಸ ಮಾಡುತ್ತಿದ್ದುದರಿಂದ ಅವರಿಬ್ಬರಿಗೂ ಬಳಕೆಯಿತ್ತು. ಮೊರೀನ್ ಕೋಟು ಕೂಡ ಬಿಚ್ಚದೆ ಕುಳಿತಳು.

"ಟೆರಿ ಬಸ್ಸಿನವರಿಗೆ ಬರಲ್ಲ ಅಂತ ಹೇಳಿಬಿಟ್ಟ, ಬ್ಯಾಬ್. ಕಾರ್ಖಾನೆ ತೆರೆಯುತ್ತಂತೆ. ಪ್ಯಾಡಿ ಕೆಂಪು ಹಚ್ಚಿದ್ದಾನೆ, ಮುಂದಿನ ವರ್ಷ ಕೆಲಸ ಮಾಡೋ ಮಿಷನ್ನಿಗೆ ಮಾತ್ರ ಅವನು ಹಚ್ಚೋದು ಅಂತಾನೆ. ಪಬ್ಬಲ್ಲಿ ಎಲ್ಲರಿಗೂ ಹೇಳಿದ್ದಾನೆ. ಒಳಗಿನ ವಿಷಯ ಬಾಯಿಬಿಟ್ಟು ಹೇಳೋಕಾಗದೆ ನೀನು ಹೀಗೆ ಸೂಚನೆ ಕೊಟ್ಟೆಯಂತೆ."

ಸುಮಿತ್ರಾ ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲಿ ಕೇಳಿದಳು. "ಎಂತ ಮಾರಾಯ್ರೆ ಇದು? ಜಿಗ್ ಎಲ್ಲಿ ಉಂಟು ಈಗ?"

"ಹಡಗಿನಲ್ಲಿ" ಎಂದೆ.

"ಹಾಗಾದ್ರೆ ಹೇಳಿಬಿಡಿ ಅವನಿಗೆ."

"ಹೇಳಬಾರದು ಅಂತ ಮಾತು ಕೊಟ್ಟಿದ್ದೇನೆ."

"ಯಾರಿಗೆ ಕೊಟ್ಟದ್ದು? ಅವರು ನಿಮಗೆ ಕೊಟ್ಟ ಮಾತು ಎಷ್ಟು ಉಳಿಸಿಕೊಂಡಿದ್ದಾರೆ?"

ಮೊರೀನ್‌ಗೆ ಕನ್ನಡ ಬರುವುದಿಲ್ಲ, ಆದರೂ ಎಲ್ಲ ತಿಳಿದವಳ ಹಾಗೆ ತಲೆ ತಗ್ಗಿಸಿ ಕೋಟಿನ ಗುಂಡಿಯನ್ನು ತಿರುಗಿಸುತ್ತಿದ್ದಳು. "ನೀನು ಬಾಯಲ್ಲಿ ಹೇಳಿದ್ರೆ ನಂಬಲ್ಲ ಅವನು" ಎಂದಳು. "ತೋರಿಸು. ಒಂದು ಸಲ ತೋರಿಸಿಬಿಡು. ನಾನು ಬಸ್ಸಿನವರ ಹತ್ತಿರ ಇನ್ನೊಂದು ಸಲ ಕೇಳಿ ನೋಡ್ತೀನಿ."

ಹೊಸದಾಗಿ ಕೆಲಸಕ್ಕೆ ಸೇರಿದವರೇ, ಇಲ್ಲೊಂದು ಮಾತು. ನಮ್ಮ ರೀತಿನೀತಿಗಳನ್ನು ಬೇರೆ ಜನಕ್ಕೆ ವಿವರಿಸುವಾಗ ಅರ್ಧ ಹೇಳಿ ನಿಲ್ಲಿಸಬೇಡಿ. ಕುಂಕುಮವನ್ನು ಬರುವಾಗಲೂ ಇಡುತ್ತೇವೆ, ಹೋಗುವಾಗಲೂ ಇಡುತ್ತೇವೆ. ಟೆರಿಗೆ ನಾನು ಮೊದಲನೆಯದನ್ನು ಮಾತ್ರ ಹೇಳಿದ್ದೆ, ಎರಡನೆಯದನ್ನು ಹೇಳುವ ಪ್ರಸಂಗವೇ ಬಂದಿರಲಿಲ್ಲ.

ಪ್ಯಾಕಿಂಗ್ ಉಸ್ತುವಾರಿಯವರನ್ನು ಕೇಳಿದೆ. ಆ ಹೊತ್ತಿಗೆ ಒಳಗೆ ಮುಚ್ಚಿಡಲು ಹೆಚ್ಚೇನೂ ಉಳಿದಿರಲಿಲ್ಲ, ಅವರು ಒಪ್ಪಿದರು. ಶುಕ್ರವಾರ ಮಧ್ಯಾಹ್ನ ಟೆರಿ ಬಂದ. ಕೆಲಸದ ಬೂಟು ಹಾಕಿಕೊಂಡು, ಗಡ್ಡ ಕ್ಷೌರ ಮಾಡಿಕೊಂಡು ಬಂದಿದ್ದ. ಜಿಗ್ ನೋಡಲು ಕರೆದಿದ್ದೇನೆ ಎಂದುಕೊಂಡಿದ್ದನೋ ಏನೋ. ದಾರಿಯುದ್ದಕ್ಕೂ, ಇಷ್ಟು ದಿನ ನಿಂತ ಟ್ರ್ಯಾಕ್ ಮತ್ತೆ ಹೊರಡಬೇಕಾದರೆ ಮೊದಲು ಏನೇನು ಪರೀಕ್ಷೆ ಮಾಡಬೇಕು ಎಂದು ನನಗೆ ಹೇಳುತ್ತಾ ಬಂದ. ನಾನು ನಡುವೆ ಬಾಯಿ ಹಾಕಲಿಲ್ಲ.

ನಮ್ಮ ವಿಭಾಗದ ಬಾಗಿಲು ತಳ್ಳಿ ಅವನನ್ನು ಒಳಗೆ ಬಿಟ್ಟೆ.

ಏನೂ ಇರಲಿಲ್ಲ. ಗೋಡೆಯಿಂದ ಗೋಡೆಯವರೆಗೆ ಬರೀ ನೆಲ. ಟ್ರ್ಯಾಕ್ ಇದ್ದ ಕಾಲುವೆಗೆ ಸಿಮೆಂಟು ತುಂಬಿದ್ದರು. ಮೇಲಿನ ಕಬ್ಬಿಣದ ತೊಲೆಗಳನ್ನೂ ಕತ್ತರಿಸಿ ಒಯ್ದಿದ್ದರು. ಚಾವಣಿಯ ಗಾಜಿನಿಂದ ಬೆಳಕು ಧಾರಾಳವಾಗಿ ಬೀಳುತ್ತಿತ್ತು. ನಾವು ದುಡಿಯುತ್ತಿದ್ದಾಗ ಅಲ್ಲಿ ಅಷ್ಟು ಬೆಳಕೇ ಇರಲಿಲ್ಲ.

ಟೆರಿ ಒಳಗೆ ನಡೆದ. ನಾನು ಸ್ವಲ್ಪ ಹಿಂದೆ ಹೋದೆ. ಅವನು ಒಂದು ಕಡೆ ನಿಂತ, ಅಲ್ಲ ಎಂದು ತಲೆಯಾಡಿಸಿ ಮುಂದೆ ಹೋದ. ಇನ್ನೊಂದು ಕಡೆ ನಿಂತು ಚಾವಣಿ ನೋಡಿದ. ಅಲ್ಲಿಂದಲೂ ಸರಿದ. ಆಮೇಲೆ ನನ್ನ ಕಡೆ ತಿರುಗಿ, ಪರವೂರಿನಲ್ಲಿ ದಾರಿ ಕೇಳುವವನ ದನಿಯಲ್ಲಿ ಕೇಳಿದ.

"ಪ್ಯಾಡಿ, ನಾವು ನಿಲ್ತಿದ್ದಿದ್ದು ಎಲ್ಲಿ?"

ನಾನು ಸುತ್ತ ನೋಡಿದೆ. ಅಳತೆಯೇ ನನ್ನ ಕಸುಬು, ಆ ವಿಭಾಗದ ಮೂಲೆಮೂಲೆಯನ್ನೂ ಅಳೆದವನು ನಾನು. ಆದರೂ ನನಗೂ ಗೊತ್ತಾಗಲಿಲ್ಲ. "ಗೊತ್ತಾಗ್ತಿಲ್ಲ, ಟೆರಿ" ಎಂದೆ.

ಅವನು ಮತ್ತೆ ನಾಲ್ಕು ಹೆಜ್ಜೆ ಹಾಕಿದ. ಬಗ್ಗಿ ನೆಲವನ್ನು ಅಂಗೈಯಿಂದ ಸವರಿದ. ಎದ್ದು ನಿಂತು, "ಇಲ್ಲೇ ಅಂತ ಇಟ್ಕೊಳ್ಳೋಣ" ಎಂದ. ಅಲ್ಲೇ ಒಂದಷ್ಟು ಹೊತ್ತು ನಿಂತಿದ್ದ. ನಾನು ಅವನ ಪಕ್ಕಕ್ಕೆ ಹೋಗಿ ನಿಂತೆ. ಜಿಗ್ ಎಲ್ಲಿಗೆ ಹೋಯಿತೆಂದು ಹೇಳಿದೆ, ಅಂದು ನಾನಿಟ್ಟ ಕುಂಕುಮ ಯಾಕಾಗಿ ಎಂದೂ ಹೇಳಿದೆ. ಅವನು ಕೇಳಿಸಿಕೊಂಡ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಒಳ್ಳೆ ಜಿಗ್ ಅದು. ಅಲ್ಲಿಯವರಿಗೆ ಉಪಯೋಗಕ್ಕೆ ಬರುತ್ತೆ" ಎಂದ ಕೊನೆಗೆ. ಹೊರಗೆ ಬರುವಾಗ ಬೂಟಿನ ಧೂಳನ್ನು ನೋಡಿಕೊಂಡು ಇನ್ನೊಂದು ಮಾತು ಹೇಳಿದ. "ಬಸ್ಸಿನವರಿಗೆ ಇನ್ನೂ ಆಳು ಬೇಕಾ ಅಂತ ಮೊರೀನ್‌ನ ಕೇಳ್ತೀಯಾ? ನಾನು ಕೇಳಿದ್ರೆ ಅವಳು ಅಳ್ತಾಳೆ."

ಅವನನ್ನು ಕಾರಿನ ಹತ್ತಿರ ಬಿಟ್ಟು, ಸ್ವಲ್ಪ ದೂರ ಹೋಗಿ ಫೋನ್ ಮಾಡಿದೆ. ಮೊರೀನ್ ತಕ್ಷಣ ಎತ್ತಿದಳು.

"ನೋಡಿದ್ನಾ?"

"ನೋಡಿದ. ಬಸ್ ಗ್ಯಾರೇಜಿಗೆ ಹೋಗ್ತಾನಂತೆ. ನಿನ್ನ ಕೇಳು ಅಂದ."

"ಆ ಜಾಗಕ್ಕೆ ಬೇರೆ ಯಾರನ್ನೋ ತಗೊಂಡಾಯ್ತು, ಬ್ಯಾಬ್" ಎಂದಳು. "ನಿನ್ನೆ ಹೇಳಿದ್ರು. ಇವತ್ತು ಅವನಿಗೆ ಹೇಳಬೇಡ. ಇವತ್ತಿಗೆ ಇಷ್ಟು ಸಾಕು."

ತಿರುಗಿ ಬಂದೆ. ಟೆರಿ ಕಾರಿಗೆ ಒರಗಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. "ಏನಂತೆ?" ಎಂದು ಕೇಳಿದ.

"ಬೇಗ ಮನೆಗೆ ಬರಬೇಕಂತೆ" ಎಂದೆ.